ಎಲ್ಲರದೂ ಆದ ಮೇಲೆ ಉಂಡವರಿಗೆ

ಅತ್ತೆಮ್ಮನಿಗೆ, ನಿಮ್ಮ ಸೊಸೆ ಬರೆಯುತ್ತಿರುವುದು.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ, ತಡ ಮಾಡಿದರೆ ಧೈರ್ಯ ಸಾಲುವುದಿಲ್ಲ. ನಿಮ್ಮ ಕಾಯಿಲೆ ನನಗೂ ಬಂದಿದೆ. ಗೊತ್ತಾಗಿ ಇವತ್ತಿಗೆ ಒಂಬತ್ತು ದಿನ. ನಿಮ್ಮ ಮಗನಿಗೆ ಹೇಳಿಲ್ಲ, ಮಗಳು ಚೈತ್ರಳಿಗೆ ಹೇಳಿಲ್ಲ, ಮಾವನಿಗಂತೂ ಸುಳಿವೇ ಇಲ್ಲ. ಬದುಕಿರುವವರ ಮುಂದೆ ಬಾಯಿ ಬರಲಿಲ್ಲ, ಅದಕ್ಕೇ ನಿಮಗೆ ಬರೆಯಲು ಕೂತೆ. ಅಂಗನವಾಡಿಯಲ್ಲಿ ಮಕ್ಕಳು ಉಂಡು ಮಲಗಿದ್ದಾರೆ. ಸಹಾಯಕಿ ಹಿಂದುಗಡೆ ಪಾತ್ರೆ ತೊಳೆಯುತ್ತಿದ್ದಾಳೆ. ಗೋಡೆಯ ಮೇಲೆ ನಾನೇ ಅಂಟಿಸಿದ ಪೌಷ್ಟಿಕ ಆಹಾರದ ಚಾರ್ಟು ಇದೆ, ಸೊಪ್ಪು, ಕಾಳು, ಮೊಟ್ಟೆ, ಹಾಲು ಅಂತ ಬಣ್ಣಬಣ್ಣದ ಚಿತ್ರ. ಹದಿನೇಳು ವರ್ಷದಿಂದ ಕೋಲು ಹಿಡಿದು ಊರಿನ ಬಸುರಿಯರಿಗೆಲ್ಲ ಅದನ್ನು ತೋರಿಸಿ ಪಾಠ ಹೇಳಿದವಳು ನಾನು. ಒಂಬತ್ತು ದಿನದಿಂದ ಆ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದೇನೆ.

ಆವತ್ತು ಸಕ್ಕರೆ ಕಾಯಿಲೆಯ ತಪಾಸಣೆ ಶಿಬಿರ ನಡೆದದ್ದು ನಮ್ಮ ಕೇಂದ್ರದಲ್ಲೇ. ಮನೆಮನೆಗೆ ಹೋಗಿ ಹೆಂಗಸರನ್ನು ಕರೆತಂದವಳೂ ನಾನೇ. "ಒಂದು ತೊಟ್ಟು ರಕ್ತಕ್ಕೆ ಯಾಕಿಂಗೆ ಹೆದರ್ತೀರಾ" ಅಂತ ಎಲ್ಲರಿಗೂ ತಮಾಷೆ ಮಾಡಿಕೊಂಡು ಬೆರಳು ಹಿಡಿದು ಕೊಡುತ್ತಿದ್ದೆ. ಎಲ್ಲ ಮುಗಿದ ಮೇಲೆ ನರ್ಸಮ್ಮ ಡಬ್ಬಿ ಅಲ್ಲಾಡಿಸಿ, "ಟೀಚರೇ, ಇನ್ನೊಂದೆರಡು ಸ್ಟ್ರಿಪ್ಪು ಮಿಕ್ಕವೆ, ನಿಮ್ದೂ ನೋಡೇಬುಡಾಣ, ಕೈ ಕೊಡಿ" ಅಂದಳು. ಕೊಟ್ಟೆ. ಯಂತ್ರ ನೋಡಿದಳು. ಇನ್ನೊಂದು ಬೆರಳು ಕೇಳಿದಳು. ಅದನ್ನೂ ನೋಡಿ, "ಉಂಡು ಎಷ್ಟೊತ್ತಾಯ್ತು?" ಅಂದಳು. ಆ ಪ್ರಶ್ನೆ ಕೇಳುವಾಗಿನ ಅವಳ ದನಿ ನನಗೆ ಪರಿಚಯದ್ದು, ಅತ್ತೆಮ್ಮ. ತುಮಕೂರಿನ ಆಸ್ಪತ್ರೆಯಲ್ಲಿ ನಿಮ್ಮ ಮಂಚದ ಪಕ್ಕ ನಿಂತು ಅದೇ ದನಿಯನ್ನು ಎಷ್ಟು ಸಲ ಕೇಳಿದ್ದೆ.

ಆ ಮುಳ್ಳಿನ ದಿನ ನೆನಪಿದೆಯಾ? ಕಡಲೆಕಾಯಿ ಕೀಳಿಸಲು ಹೊಲಕ್ಕೆ ಹೋಗಿದ್ದಿರಿ. ಬಂದು ಜಗಲಿಯ ಮೇಲೆ ಕಾಲು ಚಾಚಿ ಕೂತಾಗ ಚೈತ್ರಳೇ ನೋಡಿದ್ದು. "ಅಜ್ಜೀ, ನಿನ್ ಕಾಲಲ್ಲಿ ಮುಳ್ಳೈತೆ!" ಜಾಲಿ ಮುಳ್ಳು ಹೆಬ್ಬೆರಳಿನ ಬುಡದಲ್ಲಿ ಪೂರ್ತಿ ಇಳಿದಿತ್ತು. ಹೊಲದಿಂದ ಮನೆಯವರೆಗೆ ಅದರ ಮೇಲೇ ನಡೆದು ಬಂದಿದ್ದಿರಿ. "ನೋವೇ ಇಲ್ಲ ಕಣ್ ಬುಡು ಮಗ" ಅಂತ ನಕ್ಕಿರಿ. ನಾವೂ ನಕ್ಕೆವು. ನಿಮ್ಮ ಕಾಲು ಕಲ್ಲಿನಂಥದ್ದು ಅಂತ ಮಾವ ಹೆಮ್ಮೆಪಟ್ಟುಕೊಂಡರು. ಆ ಗಾಯ ವಾಸಿಯಾಗಲಿಲ್ಲ. ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೂ… ಈಗ ದಿನಾ ಸ್ನಾನದ ಮನೆಯಲ್ಲಿ ಚಿಲಕ ಹಾಕಿಕೊಂಡು ಹೇರ್‌ಪಿನ್ನಿನ ತುದಿಯಿಂದ ಅಂಗಾಲು ಒತ್ತಿ ನೋಡಿಕೊಳ್ಳುತ್ತೇನೆ. ಬಲಗಾಲಿಗೆ ಚುರ್ ಅನ್ನುತ್ತದೆ. ಎಡಗಾಲಿನ ಕಿರುಬೆರಳಿಗೆ ಚುರ್ ಅನ್ನುವುದು ಸ್ವಲ್ಪ ತಡವಾಗಿ ಅಂತ ನನಗೆ ಅನುಮಾನ. ನಿಜವೋ, ನನ್ನ ಭಯವೋ, ಯಾರನ್ನು ಕೇಳಲಿ?

ನಿಮ್ಮ ತಿಥಿ ಮುಗಿದ ವಾರವೇ ನಾನು ಅಡುಗೆಮನೆ ಗುಡಿಸಿದೆ, ಅದು ನಿಮಗೆ ಗೊತ್ತಿಲ್ಲ. ತುಪ್ಪದ ಗಡಿಗೆ, ಕೊಬ್ಬರಿ ಡಬ್ಬಿ, ಅಚ್ಚುಬೆಲ್ಲದ ಚೀಲ, ಕಡಲೆಕಾಯಿ ಉಂಡೆಗೆ ಅಂತ ನೀವು ಎತ್ತಿಟ್ಟಿದ್ದ ಕೆಂಪು ಬೀಜ, ಎಲ್ಲವನ್ನೂ ಅಕ್ಕಪಕ್ಕದವರಿಗೆ ಹಂಚಿಬಿಟ್ಟೆ. ಇವೇ ನಿಮ್ಮನ್ನು ತಿಂದವು ಅನ್ನಿಸಿತ್ತು. ಅದಾದ ಆರು ತಿಂಗಳಿಗೆ ನಿಮ್ಮ ಮಗನಿಗೂ ಸಕ್ಕರೆ ಅಂತ ಗೊತ್ತಾಯಿತು. ಶಿರಾದ ಆಫೀಸಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಮನುಷ್ಯ ಒಂದು ದಿನ ಬಸ್ಸಿಳಿದವರೇ ತಲೆ ಸುತ್ತುತ್ತೆ ಅಂತ ಮೆಟ್ಟಿಲ ಮೇಲೆ ಕೂತುಬಿಟ್ಟರು. ಆವತ್ತಿನಿಂದ ನಮ್ಮ ಮನೆಯಲ್ಲಿ ಎರಡು ಒಲೆ, ಎರಡು ಅಡುಗೆ. ಒಂದು ಕಡೆ ಅವರ ಪಥ್ಯದ್ದು, ಒಗ್ಗರಣೆ ಇಲ್ಲ, ಕಾಯಿ ಇಲ್ಲ, ಉಪ್ಪು ಅರ್ಧ. ಇನ್ನೊಂದು ಕಡೆ ಮಾವನಿಗೆ, ಚೈತ್ರಳಿಗೆ, ನೀವು ಮಾಡುತ್ತಿದ್ದಂಥದ್ದೇ ಬಸ್ಸಾರು, ಒಬ್ಬಟ್ಟಿನ ಸಾರು, ಭಾನುವಾರ ಕೋಳಿ. ಬೆಳೆಯುವ ಹುಡುಗಿಗೂ ವಯಸ್ಸಾದವರಿಗೂ ಯಾಕೆ ಬಾಯಿ ಕಟ್ಟಿಸಬೇಕು ಅಂತ. ನನ್ನ ಜಾಣತನಕ್ಕೆ ನಾನೇ ಬೀಗುತ್ತಿದ್ದೆ.

"ದಿನಕ್ಕೆ ಎಷ್ಟು ಮುದ್ದೆ ಕೊಡ್ತೀರಿ ಇವರಿಗೆ?" ಅಂತ ಡಾಕ್ಟರಮ್ಮ ಒಂದು ಸಲ ನಿಮ್ಮ ಮಗನ ಚೀಟಿ ನೋಡಿ ಕೇಳಿದ್ದರು. ಅನ್ನ ಪೂರ್ತಿ ಬಿಡಿಸಿದ್ದೀನಿ ಮೇಡಂ, ಎರಡು ಹೊತ್ತೂ ಮುದ್ದೆ, ಹೊತ್ತಿಗೆ ಎರಡು ಅಂದೆ, ಬಹುಮಾನ ಕೊಡುತ್ತಾರೇನೋ ಅನ್ನುವ ಹಾಗೆ. ಅವರು ಪೆನ್ನು ಕೆಳಗಿಟ್ಟರು. "ಎಷ್ಟು ದಪ್ಪ?" ಎರಡೂ ಕೈ ಸೇರಿಸಿ ತೋರಿಸಿದೆ. "ರಾಗಿ ಅಂದ್ರೆ ಎಷ್ಟಾದ್ರೂ ತಿನ್ನಬಹುದು ಅಂತ ಈ ಸೀಮೆಯವರಿಗೆಲ್ಲ ಹೇಳಿಕೊಟ್ಟವರು ಯಾರಮ್ಮ? ಅದೂ ಹಿಟ್ಟೇ ಅಲ್ವಾ?" ಅಂದರು. ನನಗೆ ನಿಮ್ಮ ಕೈ ನೆನಪಾಯಿತು. ನೀವು ಕಟ್ಟುತ್ತಿದ್ದ ಮುದ್ದೆ ಒಂದು ಹಿಡಿಯಷ್ಟು ಇರುತ್ತಿತ್ತು. ಅದರ ಸುತ್ತ ಹುರುಳಿಕಾಳೋ ಅವರೆಕಾಳೋ ತುಂಬಿ ತುಳುಕುತ್ತಿತ್ತು, ಪಕ್ಕದಲ್ಲಿ ಸೊಪ್ಪಿನ ಪಲ್ಯ, ಮೇಲೊಂದು ಚಮಚ ತುಪ್ಪ. ಆ ತುಪ್ಪವೊಂದೇ ನನ್ನ ಕಣ್ಣಿಗೆ ಬಿದ್ದದ್ದು. ತುಪ್ಪ ತೆಗೆದು ಮುದ್ದೆ ದೊಡ್ಡದು ಮಾಡಿದೆ, ಕಾಳು ತೆಗೆದು ನೀರುಸಾರು ಬಡಿಸಿದೆ. ಓದಿದ ಸೊಸೆ ಅಲ್ಲವಾ ನಾನು?

ಹೋದ ವರ್ಷ ನಿಮಗೆ ಇಟ್ಟ ಎಡೆಯ ಬಗ್ಗೆ ಕ್ಷಮೆ ಕೇಳಬೇಕು. ಪಿತೃಪಕ್ಷದ ಅಮಾವಾಸ್ಯೆಗೆ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಯ ಮೇಲೆ ಬಡಿಸಬೇಕು, ಆಮೇಲೆ ಆ ಎಡೆಯನ್ನು ಹಿರಿಮಗನೇ ಮೊದಲು ಉಣ್ಣಬೇಕು. ನಿಮಗೆ ಇಷ್ಟ ಒಬ್ಬಟ್ಟು. ಉಣ್ಣುವವರು ನಿಮ್ಮ ಮಗ. ನಾನೇನು ಮಾಡಲಿ? ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸಕ್ಕರೆಯಲ್ಲದ ಸಕ್ಕರೆಪುಡಿ ಹಾಕಿ ಹೂರಣ ರುಬ್ಬಿದೆ. ತೆಳ್ಳಗೆ, ಕಹಿಕಹಿಯಾಗಿ, ಬಾಯಿಗಿಟ್ಟರೆ ಮಾತ್ರೆಯ ವಾಸನೆ. ತೆಲುಗು ಮಾತಿನ ನಾಗಲಮಡಿಕೆಯಿಂದ ಬಂದಿದ್ದ ನಿಮ್ಮ ತಂಗಿ, ನಮ್ಮ ಚಿಕ್ಕತ್ತೆ, ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ನನ್ನನ್ನೇ ನೋಡಿದರು. "ಅಯ್ಯೋ ದೇವುಡಾ! ಸತ್ತೋರ್ಗೂ ಪಥ್ಯ ಮಾಡುಸ್ತೀಯಾ ತಲ್ಲೀ?" ಎಲ್ಲರೂ ನಕ್ಕರು. ನಿಮ್ಮ ಮಗ ನಗಲಿಲ್ಲ. ಎಲೆ ಹಾಗೇ ಬಿಟ್ಟು ಎದ್ದು ಹೋದರು. ನಮ್ಮವ್ವನ ಎಡೆ ಹಿಂಗೆ ಮಾಡಿಬುಟ್ಟೆಯಲ್ಲ ಅಂತ ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟಿದ್ದರು.

ನಾನು ಹೆಂಗೆ ಉಣ್ಣುತ್ತಿದ್ದೆ ಅಂತ ಇಷ್ಟು ದಿನ ಯೋಚಿಸಿಯೇ ಇರಲಿಲ್ಲ. ಮೊನ್ನೆ ನನ್ನ ರಿಪೋರ್ಟು ಹಿಡಿದು ಅದೇ ಡಾಕ್ಟರಮ್ಮನ ಮುಂದೆ ಒಬ್ಬಳೇ ಕೂತಾಗ, ಹೊತ್ತಿಗೆ ಎಷ್ಟು ತಿಂತೀರಿ ಅಂತ ಅವರು ಕೇಳಿದರು. ಮನೆಯವರೆಲ್ಲರ ತುತ್ತಿನ ಲೆಕ್ಕ ಬಾಯಲ್ಲಿರುವವಳು ನಾನು. ನನ್ನದು ಮಾತ್ರ… ನಾನು ಬಡಿಸಿಕೊಂಡು ಉಂಡಿದ್ದರಲ್ಲವೇ ಹೇಳುವುದು? ಎಲ್ಲರದೂ ಆದ ಮೇಲೆ ಒಲೆಯ ಪಕ್ಕ ನಿಂತುಕೊಂಡೇ ನನ್ನ ಊಟ. ನಿಮ್ಮ ಮಗ ಮುಖ ಕಿವುಚಿ ಬಿಟ್ಟ ಪಥ್ಯದ ಸಾರು, ಅದರ ಜೊತೆಗಿನ ಅರ್ಧ ಮುದ್ದೆ. ಮಾವನಿಗೆ ಮಾಡಿದ ಪಾಯಸದ ತಳ. ಚೈತ್ರ ಡಬ್ಬಿಯಲ್ಲಿ ವಾಪಸ್ ತಂದ ಚಿತ್ರಾನ್ನ. ಇನ್ನು ಹಬ್ಬ ಬಂದರೆ ಕೇಳಬೇಕಾ? ಮಿಕ್ಕ ಒಬ್ಬಟ್ಟು ಡಬ್ಬಿಯಲ್ಲಿದ್ದರೆ ನಿಮ್ಮ ಮಗ ಹುಡುಕಿಕೊಂಡು ಬಂದು ತಿನ್ನುತ್ತಾರೆ. ಹೊರಗೆ ಎಸೆಯಲು ನನ್ನ ಕೈ ಬರುವುದಿಲ್ಲ. ಅದಕ್ಕೇ ಅವರ ಕಣ್ಣಿಗೆ ಬೀಳುವ ಮುಂಚೆ ನಾನೇ ತಿಂದು ಡಬ್ಬಿ ತೊಳೆದು ಬೋರಲು ಹಾಕಿಬಿಡುತ್ತಿದ್ದೆ. ಗಂಡನನ್ನು ಉಳಿಸಿಕೊಳ್ಳುತ್ತಿದ್ದೇನೆ ಅಂದುಕೊಂಡೇ ಒಂದೊಂದು ಹೋಳನ್ನೂ ನುಂಗಿದ್ದು, ಅತ್ತೆಮ್ಮ. ಎರಡು ಒಲೆಯ ಉಳಿಕೆಯೂ ಒಂದೇ ಹೊಟ್ಟೆಗೆ ಹೋಗುತ್ತಿತ್ತು.

ಒಂದು ಯುಗಾದಿಯ ಮಧ್ಯಾಹ್ನ ನೀವು ಅಡುಗೆಮನೆಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಪಾತ್ರೆಯ ತಳದ ಹೂರಣವನ್ನು ಬೆರಳಲ್ಲಿ ಬಳಿದು ತಿನ್ನುತ್ತಿದ್ದಿರಿ. ಬಾಗಿಲಲ್ಲಿ ನಿಂತು ನಾನು, "ಅತ್ತೆ, ಆವಾಗ್ಲೇ ಎರಡು ಒಬ್ಬಟ್ಟು ಆಯ್ತಲ್ಲ, ಮತ್ತೆ ತಿಂತಿದೀರಾ?" ಅಂದಿದ್ದೆ. ಪಾಠ ಹೇಳುವ ದನಿಯಲ್ಲೇ ಅಂದಿದ್ದೆ. ನೀವು ನಾಚಿಕೊಂಡು ಸೆರಗಿನಲ್ಲಿ ಬೆರಳು ಒರೆಸಿಕೊಂಡು, "ಮಿಕ್ಕಿದ್ದು ಏನ್ ಮಾಡ್ಲವ್ವ, ಚೆಲ್ಲಾಕಾಯ್ತದಾ?" ಅಂದಿರಿ. ನನಗೆ ಅದು ನೆಪ ಅನ್ನಿಸಿತ್ತು. ನೀವು ಹೋದ ಮೇಲೆ ಬಂದವರ ಹತ್ತಿರವೆಲ್ಲ ನಾನು ಹೇಳಿದ್ದೂ ಅದನ್ನೇ. ನಮ್ಮತ್ತೆಗೆ ಬಾಯಿಚಪಲ, ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ, ಸಿಹಿ ಕಂಡರೆ ಬಿಡುತ್ತಿರಲಿಲ್ಲ ಅಂತ. ಎಷ್ಟು ಮನೆಯ ಜಗಲಿಯ ಮೇಲೆ ಕೂತು ಹೇಳಿದ್ದೇನೋ. ಈಗ ಆ ಮಾತನ್ನೆಲ್ಲ ಒಂದೊಂದಾಗಿ ಎತ್ತಿಕೊಂಡು ವಾಪಸ್ ತರಲು ಸಾಧ್ಯವಾ? ನಿಮಗೆ ನಿಜವಾಗಿ ಆಸೆಯಿತ್ತಾ, ಅಥವಾ ನನ್ನ ಹಾಗೇನಾ…

ಹೇಳಿಬಿಡಬಾರದಾ ಅಂತ ನೀವು ಕೇಳಬಹುದು. ಭಯ ಕಣತ್ತೆ, ಇನ್ನೇನು. ನಿಮ್ಮ ಮಗನ ತಟ್ಟೆಯಿಂದ ಒಬ್ಬಟ್ಟು ಕಿತ್ತುಕೊಂಡ ಕೈ ಇದು. ಪೋಲೀಸಮ್ಮ ಅಂತ ನನಗೆ ಹೆಸರಿಟ್ಟಿದ್ದಾರೆ. ಪೋಲೀಸಮ್ಮನೇ ಕದ್ದು ತಿಂದು ಸಿಕ್ಕಿಬಿದ್ದಳು ಅಂದರೆ ಇನ್ನು ಅವರು ನನ್ನ ಮಾತು ಕೇಳುತ್ತಾರಾ? ಒಂದು ಸಲ ಹಿಡಿತ ತಪ್ಪಿದರೆ ಅವರ ಗತಿಯೇನು? ಇಬ್ಬರೂ ಮಲಗಿದರೆ ಮಾವನನ್ನು ನೋಡುವವರು ಯಾರು, ಚೈತ್ರಳ ಓದೇನು? ನಾಳೆ ಅಮಾವಾಸ್ಯೆ. ಚಿಕ್ಕತ್ತೆ ಇವತ್ತು ಸಂಜೆಯ ಬಸ್ಸಿಗೆ ಬರುತ್ತಾರೆ. ಎಡೆಗೆ ಏನು ಮಾಡಬೇಕು ಅಂತ ಇನ್ನೂ ತೋಚಿಲ್ಲ. ಬೆಲ್ಲದ ಅಂಗಡಿಯ ಮುಂದೆ ಎರಡು ಸಲ ಹೋಗಿ ಎರಡು ಸಲವೂ ತಿರುಗಿ ಬಂದೆ. ಮಕ್ಕಳು ಏಳುತ್ತಿದ್ದಾರೆ, ನಿಲ್ಲಿಸುತ್ತೇನೆ.

ಮೇಲಿನದನ್ನು ಬರೆದು ನಾಲ್ಕು ದಿನವಾಯಿತು. ಕಾಗದ ಹಾಜರಿ ಪುಸ್ತಕದೊಳಗೇ ಇತ್ತು. ನಡುವೆ ಏನೇನೋ ಆಗಿಹೋಯಿತು, ಹಾಗಾಗಿ ಇದರ ಕೆಳಗೇ ಮುಂದುವರಿಸುತ್ತಿದ್ದೇನೆ.

ಆವತ್ತು ಸಂಜೆಯ ಬಸ್ಸು ತಡವಾಗಿ, ಚಿಕ್ಕತ್ತೆ ರಾತ್ರಿ ಬಂದವರೇ ಕೈಕಾಲು ತೊಳೆದು ಅಡುಗೆಮನೆಗೆ ಬಂದರು. ಎಲ್ಲರ ಊಟ ಮುಗಿದು ನಾನು ಎಂದಿನ ಹಾಗೆ ಒಲೆಯ ಪಕ್ಕ ನಿಂತು, ಒಂದು ಕೈಯಲ್ಲಿ ಪಥ್ಯದ ಪಾತ್ರೆ ಇನ್ನೊಂದು ಕೈಯಲ್ಲಿ ಸಾರಿನ ಸೌಟು ಹಿಡಿದುಕೊಂಡಿದ್ದೆ. ಚಿಕ್ಕತ್ತೆ ಬಾಗಿಲಲ್ಲೇ ನಿಂತುಬಿಟ್ಟರು. ಕಣ್ಣಲ್ಲಿ ನೀರು. ಏನಾಯಿತು ಅಂದೆ. "ನಿಮ್ಮತ್ತೇನೇ ನಿಂತಂಗಾಯ್ತು ತಲ್ಲೀ" ಅಂದರು. ನಿಮ್ಮನ್ನು ನೆನೆದು ಅತ್ತಿದ್ದು ಅವರು, ಕುಸಿದು ಕೂತದ್ದು ನಾನು. ಒಂಬತ್ತು ದಿನದಿಂದ ಬಿಗಿಹಿಡಿದದ್ದೆಲ್ಲ ಅವರ ಮಡಿಲಿಗೆ ಸುರಿದುಬಿಟ್ಟೆ. ಯಂತ್ರ ತೋರಿಸಿದ್ದು, ಡಾಕ್ಟರಮ್ಮ ಅಂದದ್ದು, ಎಡಗಾಲಿನ ಕಿರುಬೆರಳು, ಎಲ್ಲ.

"ಯಾರ್ಗೂ ಹೇಳಿಲ್ವಾ?" ಅಂದರು. ಇಲ್ಲ ಅಂದೆ. ಆಮೇಲೆ ದನಿ ತಗ್ಗಿಸಿ, "ಅಕ್ಕ ನನ್ನತ್ರ ಆಣೆ ಹಾಕುಸ್ಕಂಡಿದ್ಲು. ಇವತ್ತು ಮುರೀತೀನಿ, ಏನಾಯ್ತದೋ ಆಗ್ಲಿ" ಅಂದರು. ಹೇಳಿದರು. ಆ ಮುಳ್ಳು ಚುಚ್ಚುವುದಕ್ಕೆ ನಾಲ್ಕು ವರ್ಷ ಮುಂಚೆಯೇ ನಿಮಗೆ ಗೊತ್ತಿತ್ತಂತೆ. ನಾಗಲಮಡಿಕೆಗೆ ಹೋಗಿದ್ದಾಗ ಸುಸ್ತು ಅಂತ ಪಾವಗಡದಲ್ಲಿ ತೋರಿಸಿಕೊಂಡು ಬಂದಿರಂತೆ. ಚೀಟಿಯನ್ನು ಚಿಕ್ಕತ್ತೆಯ ಮನೆಯ ಸೂರಿಗೇ ಸಿಕ್ಕಿಸಿ, ಒಂದು ತಿಂಗಳ ಮಾತ್ರೆ ನುಂಗಿ, ಆಮೇಲೆ ಅದನ್ನೂ ಬಿಟ್ಟಿರಂತೆ. "ಯಾಕಕ್ಕಾ ಅಂದೆ ನಾನು. ನಂಗೈತೆ ಅಂದ್ರೆ ಮನೇಲಿ ಎಲ್ರಿಗೂ ಬಾಯಿ ಕಟ್ಟುಸ್ಬುಡ್ತಾಳೆ ನಮ್ ಸೊಸೆ. ಆ ಮಗ ದಿನಾ ಬಸ್ಸಲ್ಲಿ ಒದ್ದಾಡ್ಕೊಂಡು ಬರ್ತಾನೆ, ಬಾಯ್ ತುಂಬ ಉಣ್ಣಲಿ ಬುಡು ಅಂದ್ಲು."

ಅತ್ತೆಮ್ಮ, ನನಗೆ ನಿಮ್ಮ ಮೇಲೆ ಎಂಥ ಕೋಪ ಬಂತು ಗೊತ್ತಾ? ಗೋಡೆಯ ಮೇಲಿದ್ದ ನಿಮ್ಮ ಫೋಟೋ ಹಿಡಿದು ಅಲ್ಲಾಡಿಸಿ ಕೇಳಬೇಕು ಅನ್ನಿಸಿತು. ನಾಲ್ಕು ವರ್ಷ! ಎಷ್ಟು ದಿನದಿಂದ ಇದೆ ಅಂತ ತುಮಕೂರಿನ ಡಾಕ್ಟರು ಕೇಳಿದಾಗ, ಈಗಷ್ಟೇ ಗೊತ್ತಾಯಿತು ಸಾರ್ ಅಂತ ನಾನು ಹೇಳುತ್ತಿದ್ದೆ. ನೀವು ಮಂಚದ ಮೇಲೆ ಗೋಡೆಯ ಕಡೆ ತಿರುಗಿದಿರಿ. ನೋವಿಗೆ ತಿರುಗಿದಿರಿ ಅಂದುಕೊಂಡೆ. ನನ್ನ ಪಾಠಕ್ಕೆ ಹೆದರಿ ಒಂದು ಕಾಲು ಕಳೆದುಕೊಂಡಿರಾ? ನನ್ನ ನಾಲಿಗೆ ಅಷ್ಟು ಹರಿತವಾಗಿತ್ತಾ? ಕೇಳುತ್ತಾ ಕೇಳುತ್ತಾ ಕೋಪ ಇಳಿದುಹೋಯಿತು. ನಾನೂ ರಿಪೋರ್ಟನ್ನು ಅಕ್ಕಿ ಡ್ರಮ್ಮಿನ ಕೆಳಗೆ ಸೇರಿಸಿದ್ದೆನಲ್ಲ. ಒಂಬತ್ತು ದಿನ ಹೋಗುತ್ತ ಹೋಗುತ್ತ ನಾಲ್ಕು ವರ್ಷ ಆಗುವುದಕ್ಕೆ ಏನು ಕಷ್ಟ? ನಾಳೆ, ಹಬ್ಬ ಕಳೆಯಲಿ, ಚೈತ್ರಳ ಪರೀಕ್ಷೆ ಮುಗಿಯಲಿ ಅಂದುಕೊಂಡರೆ ಆಯಿತು.

ಮಾರನೆಯ ದಿನ ಎಡೆಗೆ ಬೆಲ್ಲದ ಒಬ್ಬಟ್ಟನ್ನೇ ಮಾಡಿದೆವು, ಚಿಂತೆ ಮಾಡಬೇಡಿ. ಚಿಕ್ಕತ್ತೆ ತಟ್ಟಿದರು, ನಾನು ಬೇಯಿಸಿದೆ. ಆದರೆ ಎಣಿಸಿ ಮಾಡಿದೆವು, ಮಿಗದ ಹಾಗೆ. ಎಂದೂ ಹಬ್ಬದ ಅಡುಗೆಯನ್ನು ಮಿಗದ ಹಾಗೆ ಮಾಡಿದವಳಲ್ಲ ನಾನು, ಬೇಳೆ ಅಳೆಯುವಾಗ ಮಹಾಪಾಪ ಮಾಡುತ್ತಿದ್ದೇನೆ ಅನ್ನಿಸಿತು. ಒಂದೇ ಒಲೆ ಹಚ್ಚಿದೆ. ಸಣ್ಣ ಮುದ್ದೆ, ನಿಮ್ಮ ಹಾಗೆ ಕಾಳು ಜಾಸ್ತಿ ಹಾಕಿದ ಸಾರು, ಕೋಳಿ, ಸೊಪ್ಪು, ಒಂದಿಷ್ಟು ಪಾಯಸ. ಎಲೆಯ ಮೇಲೆ ಎಲ್ಲ ಬಡಿಸಿ, ನಿಮ್ಮ ಫೋಟೋದ ಮುಂದೆ ದೀಪ ಹಚ್ಚಿ, ಬಾಗಿಲು ಮುಂದಕ್ಕೆ ಎಳೆದು ಎಲ್ಲರೂ ಹೊರಗೆ ನಿಂತೆವು. ನೀವು ಬಂದು ಉಣ್ಣುವ ಹೊತ್ತು ಅದು. ಪ್ರತಿ ವರ್ಷ ಆ ಹೊತ್ತಿನಲ್ಲಿ ಕೈ ಮುಗಿದು ಏನಾದರೂ ಬೇಡಿಕೊಳ್ಳುತ್ತಿದ್ದೆ. ಈ ಸಲ ಏನೂ ಬೇಡಲಿಲ್ಲ. ಒಳಗೆ ನೀವು ಒಬ್ಬರೇ ಕೂತು ಉಣ್ಣುತ್ತಿದ್ದೀರಿ ಅನ್ನುವುದೊಂದೇ ಮನಸ್ಸಿನಲ್ಲಿತ್ತು.

ಬಾಗಿಲು ತೆಗೆದು ಊಟಕ್ಕೆ ಕೂತಾಗ ನಿಮ್ಮ ಮಗ ಎಡೆಯ ಎಲೆಯ ಮುಂದೆ ಕೂತರು. ಒಬ್ಬಟ್ಟು ಮುರಿದು ನನ್ನ ಮುಖ ನೋಡಿದರು, ತಿನ್ನಲಾ ಅನ್ನುವ ಹಾಗೆ. ಅರ್ಧ ತಿನ್ನಿ, ಮುದ್ದೆ ಬಿಡಿ ಅಂದೆ. ಅವರಿಗೆ ಆಶ್ಚರ್ಯವಾಯಿತು, ನಕ್ಕರು. ಮಾವ ಎಂದಿನ ಹಾಗೆ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಅಷ್ಟರಲ್ಲಿ ಚೈತ್ರ ಒಳಗಿನಿಂದ ಪಾಯಸದ ಪಾತ್ರೆ ತಂದಳು. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ನೋಡಿ, "ಇಷ್ಟು ಯಾರ್ಗೂ ಬೇಡ್ವಾ? ಸರಿ, ನಾನೇ ಮುಗಿಸ್ತೀನಿ, ಇಲ್ದಿದ್ರೆ ಅಪ್ಪ ತಿಂದ್ಬುಡುತ್ತೆ" ಅಂತ ನಿಂತಲ್ಲೇ ಬೆರಳಲ್ಲಿ ಬಳಿದು ಬಾಯಿಗೆ ಇಟ್ಟುಕೊಂಡಳು. ಹದಿನಾರು ವರ್ಷದ ಹುಡುಗಿ. ಯಾರೂ ಅವಳಿಗೆ ಅದನ್ನು ಹೇಳಿಕೊಟ್ಟಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ್ದಾಳೆ, ಅಷ್ಟೇ.

"ಕೆಳಗಿಡೇ ಅದನ್ನ!" ಅಂತ ಕಿರುಚಿದೆ. ಆ ಕೂಗಿನ ಹಿಂದೆಯೇ ಉಳಿದದ್ದೂ ಹೊರಬಂತು. ನನಗೆ ಸಕ್ಕರೆ ಬಂದಿದೆ, ತುಂಬಾ ಜಾಸ್ತಿ ಇದೆ, ಹತ್ತು ದಿನದಿಂದ ಗೊತ್ತು, ಹಿಂಗೆ ನಿಂತುಕೊಂಡು ಎಲ್ಲರದ್ದೂ ಬಳಿದು ಬಳಿದೇ ಬಂತು.

ನೀವು ಇದ್ದಿದ್ದರೆ ನಿಮ್ಮ ಮಗನ ಮುಖ ನೋಡಬೇಕಿತ್ತು. ಮೊದಲು ನಂಬಲಿಲ್ಲ. ಆಮೇಲೆ ಎಲೆ ಹಿಂದಕ್ಕೆ ತಳ್ಳಿ, "ಹತ್ತು ದಿನ ಮುಚ್ಚಿಟ್ಕಂಡಿದ್ದೀಯಲ್ಲೇ! ನಾನೇನ್ ಸತ್ತೋಗಿದ್ನಾ?" ಅಂತ ಕೂಗಾಡಿದರು. ಚೈತ್ರ ಪಾತ್ರೆ ಹಿಡಿದುಕೊಂಡೇ ಅಳುತ್ತಿದ್ದಳು. ಚಿಕ್ಕತ್ತೆ ಎದ್ದು ನಿಂತು, "ಅರಚ್ಬೇಡಪ್ಪ. ಇವ್ಳು ಹತ್ತು ದಿನ. ನಿಮ್ಮವ್ವ ನಾಲ್ಕು ವರ್ಷ ಮುಚ್ಚಿಟ್ಟಿದ್ಲು" ಅಂದುಬಿಟ್ಟರು. ನೀವು ಹಾಕಿಸಿಕೊಂಡ ಆಣೆ ಅಲ್ಲಿಗೆ ಪೂರ್ತಿ ಮುರಿಯಿತು. ಯಾಕೆ ಮುಚ್ಚಿಟ್ಟಿರಿ ಅನ್ನುವುದನ್ನೂ ಹೇಳಿದರು. ಬಾಯಿ ತುಂಬ ಉಣ್ಣಲಿ ಅಂದ ಮಾತನ್ನು ಕೇಳಿದ ಮೇಲೆ ನಿಮ್ಮ ಮಗನಿಗೆ ತುತ್ತು ಎತ್ತಲಾಗಲಿಲ್ಲ. ಎಲೆಯ ಮೇಲಿನ ಅರ್ಧ ಒಬ್ಬಟ್ಟನ್ನೇ ನೋಡುತ್ತಾ ಕೂತರು.

ಮಾವ ಕಲಸಿದ ತುತ್ತು ಅವರ ಕೈಯಲ್ಲೇ ಇತ್ತು. ಅದು ಬೆರಳಲ್ಲಿ ಒಣಗುವವರೆಗೂ ಹಾಗೇ ಕೂತಿದ್ದರು. ನನಗೆ ಅವರ ಬಗ್ಗೆಯೇ ದಿಗಿಲಾಯಿತು, ಮಾವ ನೀರು ಕುಡೀರಿ ಅಂದೆ. ಆಗ ಅವರು ನನಗೆ ಹೇಳಿದರೋ ನಿಮ್ಮ ಫೋಟೋಗೆ ಹೇಳಿದರೋ ಗೊತ್ತಾಗಲಿಲ್ಲ. "ಐವತ್ತು ವರ್ಷ ಒಂದ್ ದಿನಾನೂ ನಂಜೊತೆ ಕುಂತು ಉಣ್ಣಲಿಲ್ಲ ಕಣಮ್ಮ ಅವ್ಳು." ನೀರಿನ ಲೋಟ ಪಕ್ಕಕ್ಕೆ ಸರಿಸಿ, "ನಾನೂ ಕರೀಲಿಲ್ಲ" ಅಂದರು. ಅಷ್ಟು ಹೇಳಿ ಕೈ ತೊಳೆದುಕೊಂಡು ಹೊರಗೆ ಹೋದರು. ಊರಾಚೆಯ ಬೆಟ್ಟದ ಕಡೆ ಮುಖ ಮಾಡಿ ಬಿಸಿಲಲ್ಲೇ ಕೂತಿದ್ದರು. ನಾನು ಎರಡು ಸಲ ಹೋಗಿ ಕರೆದೆ.

ಈಗ ಮಾತ್ರೆ ಶುರು ಮಾಡಿದ್ದೇನೆ. ನಿಮ್ಮ ಮಗ ತಮ್ಮ ಮಾತ್ರೆಯ ಡಬ್ಬಿಯಲ್ಲೇ ನನ್ನದಕ್ಕೂ ಜಾಗ ಮಾಡಿದ್ದಾರೆ, ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಮುಂದಿನ ಸೋಮವಾರ ಚೈತ್ರಳದ್ದೂ ಒಂದು ಸಲ ನೋಡಿಸೋಣ ಅಂದಿದ್ದಾರೆ ಡಾಕ್ಟರಮ್ಮ. ಆ ಒಂದು ಬೆರಳು ಚುಚ್ಚುವುದನ್ನು ನೆನೆಸಿಕೊಂಡರೆ ನನ್ನ ಹತ್ತೂ ಬೆರಳು ತಣ್ಣಗಾಗುತ್ತವೆ. ಭಯ ಹೋಗಿಲ್ಲ, ಅತ್ತೆಮ್ಮ. ಹೋಗುತ್ತದೆ ಅಂತಲೂ ಅನ್ನಿಸುವುದಿಲ್ಲ. ಹೇಳಿಕೊಂಡ ಮೇಲೆ ನಾಲ್ಕು ಜನ ಸೇರಿ ಹೆದರುತ್ತಿದ್ದೇವೆ, ಅಷ್ಟೇ ವ್ಯತ್ಯಾಸ.

ನಿನ್ನೆ ಮಧ್ಯಾಹ್ನದ ಒಂದು ಮಾತು ತಿಳಿಸಿ ಮುಗಿಸುತ್ತೇನೆ. ಭಾನುವಾರ, ಎಲ್ಲರೂ ಮನೆಯಲ್ಲಿದ್ದೆವು. ಅವರೆಕಾಳು ಸಾರು, ಒಂದೊಂದೇ ಮುದ್ದೆ. ಮಾವನಿಗೆ ಬಡಿಸಿ ಒಳಗೆ ಹೋಗಿ ಬಂದು ನೋಡಿದರೆ ಅವರು ತಟ್ಟೆ ಮುಟ್ಟಿಯೇ ಇರಲಿಲ್ಲ. ಕೈ ಕಟ್ಟಿಕೊಂಡು ಕೂತಿದ್ದರು. ಉಪ್ಪು ಬೇಕಾ ಮಾವ ಅಂದೆ. ತಲೆ ಅಲ್ಲಾಡಿಸಿದರು. ಖಾರವಾಯಿತಾ ಅಂದೆ. ಅದಕ್ಕೂ ತಲೆ ಅಲ್ಲಾಡಿಸಿದರು. ಮತ್ತೇನು ಬೇಕು ಅಂದೆ.

"ನಿಂದೆಲ್ಲಿ?" ಅಂದರು.

ನಾನು ಬಡಿಸಿಕೊಂಡು ಬಂದು ಎದುರಿಗೆ ಕೂತ ಮೇಲೆ ಅವರು ಮೊದಲ ತುತ್ತು ಮುರಿದರು. ನಿಂದೆಲ್ಲಿ ಅನ್ನುವುದು ನಿಮ್ಮನ್ನು ಕೇಳಬೇಕಾಗಿದ್ದ ಮಾತು, ಅತ್ತೆಮ್ಮ, ನನ್ನನ್ನಲ್ಲ. ನಿಮಗೆ ತಲುಪಲಿ ಅಂತ ಬರೆದಿಟ್ಟಿದ್ದೇನೆ.

ನಿಮ್ಮ ಸೊಸೆ,
ಸುಮಿತ್ರ